ಯಂತ್ರಯುಗದ ವಿಶ್ವವಿದ್ಯಾನಿಲಯವೂ ಹೆಣ್ಣುಮಕ್ಕಳ ಪ್ರಶ್ನೆಯೂ

ಹೆಣ್ಣುಮಕ್ಕಳಿಗೆ ಉಚ್ಚ ಶಿಕ್ಷಣವು ಬೇಕೋ ಬೇಡವೋ ಎಂಬ ವಾದವು ನಮ್ಮ ಮನೆಗಳಲ್ಲಿ ಮುಗಿದು ಬಹುಕಾಲವಾಯಿತು. ಅಜ್ಜಿಯು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ಮನೆಯಲ್ಲಿಯೇ ಮೊಮ್ಮಗಳು ಕಂಪ್ಯೂಟರ್ ವಿಜ್ಞಾನದ ಪದವಿಯನ್ನು ಪಡೆದು ಬಂದಿರುವುದನ್ನು ನಾವು ಕಣ್ಣಾರೆ ಕಾಣುತ್ತಿರುವೆವು. ಭಾರತ ಸರಕಾರದ ಉಚ್ಚ ಶಿಕ್ಷಣ ಸಮೀಕ್ಷೆಯ ಮೇರೆಗೆ 2020-21ನೆಯ ಸಾಲಿನಲ್ಲಿ ದೇಶದ ಕಾಲೇಜು ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದ ಸುಮಾರು 4 ಕೋಟಿ 14 ಲಕ್ಷ ವಿದ್ಯಾರ್ಥಿಗಳಲ್ಲಿ 2 ಕೋಟಿ 1 ಲಕ್ಷದಷ್ಟು ಮಂದಿ ಹೆಣ್ಣುಮಕ್ಕಳೇ. ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧವೆನ್ನಬಹುದು. ಇದನ್ನು ಕೇಳಿದ ಗೃಹಸ್ಥನು, "ನಮ್ಮ ಕರ್ತವ್ಯ ತೀರಿತು, ಬಾಗಿಲು ತೆರೆದಾಯಿತು, ಇನ್ನು ಒಳಹೊಕ್ಕವರು ತಮ್ಮ ತಮ್ಮ ಯೋಗ್ಯತೆಯಂತೆ ಮೇಲೇರಲಿ" ಎಂದು ಸಮಾಧಾನ ಹೊಂದುವುದು ಸಹಜವೇ ಸರಿ. ನಾನೂ ಬಹುದಿನ ಹಾಗೆಯೇ ಸಮಾಧಾನ ಹೊಂದಿ ಕುಳಿತವನು.

ಆ ಸಮಾಧಾನವನ್ನು ಕದಡಿದವಳು ಒಬ್ಬ ಹುಡುಗಿ. ಅವಳ ಮಾತನ್ನು ಕಡೆಯಲ್ಲಿ ಹೇಳುವೆನು. ಏಕೆಂದರೆ ಅದಕ್ಕೆ ಉತ್ತರವನ್ನು ಹುಡುಕುತ್ತ ನಾನು ಓದಿದ ಸಂಗತಿಗಳನ್ನು ಮೊದಲು ತಿಳಿಸದಿದ್ದರೆ ಆ ಮಾತಿನ ತೂಕವು ವಾಚಕರಿಗೆ ಹೊಳೆಯಲಾರದು. ಕಳೆದ ಅರ್ಧ ಶತಮಾನಕ್ಕೂ ಮಿಕ್ಕಿ ಸ್ತ್ರೀವಾದಿಗಳೆಂದು ಕರೆಯಲ್ಪಡುವ ವಿದ್ವಾಂಸರು ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತ ಬಂದಿರುವರು. ಸ್ತ್ರೀವಾದವೆಂದೊಡನೆ ನಮ್ಮಲ್ಲಿ ಕೆಲವರು ಅದನ್ನು ಗಂಡಹೆಂಡಿರ ಜಗಳವೆಂದು ಬಗೆದು ಮುಖ ತಿರುವುವರು. ಅದು ಹಾಗಲ್ಲ. ಅವರು ಕೇಳುವುದಿಷ್ಟು: ವಿಶ್ವವಿದ್ಯಾನಿಲಯವೆಂಬ ಮನೆಯನ್ನು ಯಾರಿಗಾಗಿ ಕಟ್ಟಲಾಯಿತು? ಅಲ್ಲಿ ಜ್ಞಾನವೆಂದು ಎಣಿಕೆಗೆ ಬರುವುದು ಯಾವುದು, ಬರಿಯ ಚಾಕರಿಯೆಂದು ಎಣಿಕೆಯಿಂದ ಬಿಟ್ಟುಹೋಗುವುದು ಯಾವುದು? ಎಣಿಸುವ ಕೆಲಸವನ್ನೇ ಈಗ ಯಂತ್ರಕ್ಕೆ ಒಪ್ಪಿಸುತ್ತಿರುವಾಗ, ಹಾಗೆ ಬಿಟ್ಟುಹೋದವರ ಗತಿಯೇನು?

ದೂರದ ಉದಾಹರಣೆಗಳಿಗೆ ಹೋಗುವ ಮುನ್ನ ನಮ್ಮ ಬೆಂಗಳೂರಿನದೇ ಒಂದನ್ನು ನೋಡೋಣ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲಾಗಿ ತೇರ್ಗಡೆಯಾದ ಕಮಲಾ ಭಾಗವತ ಎಂಬ ತರುಣಿಯು, ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್ನರು. ಸ್ತ್ರೀಯೆಂಬ ಕಾರಣದಿಂದಲೇ ಅರ್ಜಿಯು ತಿರಸ್ಕೃತವಾಯಿತು. ಅದು ಗಾಂಧೀಜಿಯವರ ಕಾಲ. ಆಕೆ ಅಲ್ಲಿಂದ ಕದಲಲಿಲ್ಲ. ಕೊನೆಗೆ ಕೆಲವು ನಿಬಂಧನೆಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ವರುಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕುದಲ್ಲ; ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟೇ ಹೊತ್ತಾದರೂ ಕೆಲಸ ಮಾಡತಕ್ಕುದು; ಆಕೆಯ ಇರುವಿಕೆಯಿಂದ ಪುರುಷ ಸಂಶೋಧಕರ ಚಿತ್ತಕ್ಕೆ ಭಂಗ ಬರತಕ್ಕುದಲ್ಲ. ಅವನ್ನು ಒಪ್ಪಿ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಕೆಲಸ ಮಾಡಿದ ಆಕೆ ವರುಷದೊಳಗೆ ತಮ್ಮ ಯೋಗ್ಯತೆಯನ್ನು ಸ್ಥಾಪಿಸಿದರು. ರಾಮನ್ನರೂ ಅದನ್ನು ಒಪ್ಪಿಕೊಂಡರು, ಆ ಬಳಿಕ ಸ್ತ್ರೀಯರಿಗೆ ಅಲ್ಲಿ ಪ್ರವೇಶ ದೊರೆಯತೊಡಗಿತು ಎಂಬುದನ್ನೂ ಹೇಳಬೇಕು. ಕಮಲಾರವರು 1939ರಲ್ಲಿ ಕೇಂಬ್ರಿಜ್ಜಿನಲ್ಲಿ ಡಾಕ್ಟರೇಟ್ ಪಡೆದರು. ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ನಮ್ಮ ನಂಜನಗೂಡಿನ ರಾಜೇಶ್ವರಿಯವರು, ಮದುವೆಯ ಬಳಿಕ ರಾಜೇಶ್ವರಿ ಚಟರ್ಜಿಯವರು, 1953ರಲ್ಲಿ ಅಮೆರಿಕೆಯ ಮಿಶಿಗನ್ನಿನಿಂದ ಡಾಕ್ಟರೇಟ್ ಪಡೆದು ಬಂದು ಮೈಕ್ರೋವೇವ್ ಎಂಜಿನಿಯರಿಂಗನ್ನು ಕಲಿಸಿ ವಿಭಾಗದ ಮುಖ್ಯಸ್ಥರೂ ಆದರು.

ಇಲ್ಲಿ ವಾಚಕರು ಆ ಎರಡನೆಯ ನಿಬಂಧನೆಯನ್ನು ಮರೆಯದಿರಬೇಕು. ರಾತ್ರಿ ಹೊತ್ತಿನ ಮಾತಿಗೆ ಮತ್ತೆ ಬರುವೆನು.

ವಿಜ್ಞಾನದ ತವರೆಂದು ನಾವು ಹೊಗಳುವ ದೇಶಗಳಾದರೂ ಇದರಲ್ಲಿ ಮುಂದಿದ್ದುವೆಂದು ತಿಳಿಯಬಾರದು. 1897ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿ ಕೊಡಬೇಕೇ ಎಂಬುದನ್ನು ಮತಕ್ಕೆ ಹಾಕಿದ ದಿನ ವಿದ್ಯಾರ್ಥಿಗಳು ಬೈಸಿಕಲ್ಲಿನ ಮೇಲೆ ಕುಳಿತ ಹೆಣ್ಣಿನ ಗೊಂಬೆಯೊಂದನ್ನು ಬೀದಿಯ ಮೇಲೆ ತೂಗುಹಾಕಿದರು. ಸೂಚನೆಯು ಬಿದ್ದುಹೋಯಿತು. ಆ ಕಾಲಕ್ಕೆ ಬೈಸಿಕಲ್ಲು ಹೊಸ ಯಂತ್ರ. ಹೊಸ ಯಂತ್ರವನ್ನೇರಿದ ಹೆಣ್ಣು ಹಳೆಯ ವಿದ್ಯಾಪೀಠಕ್ಕೆ ಎಷ್ಟು ಭಯವನ್ನು ಹುಟ್ಟಿಸಿತ್ತೆಂಬುದಕ್ಕೆ ಆ ಗೊಂಬೆಗಿಂತ ಬೇರೆ ಸಾಕ್ಷಿ ಬೇಡ. ಸ್ತ್ರೀಯರಿಗೆ ಅಲ್ಲಿ ಪೂರ್ಣ ಪದವಿಯ ಹಕ್ಕು ದೊರೆತುದು 1948ರಲ್ಲಿ. ಅಂದರೆ ನಮಗೆ ಸ್ವಾತಂತ್ರ್ಯ ಬಂದ ಮರುವರುಷ.

ಇವೆಲ್ಲ ಬಾಗಿಲಿನ ಕಥೆಗಳಾದುವು. ಬಾಗಿಲು ತೆರೆದ ಮೇಲೆ ಒಳಗೆ ಏನಾಯಿತೆಂಬುದು ಇನ್ನೂ ಹೆಚ್ಚು ವಿಚಾರಾರ್ಹವಾದುದು.

ಇಂದು ಲೋಕವನ್ನೆಲ್ಲ ಆಳುತ್ತಿರುವ ಕಂಪ್ಯೂಟರಿನ ಹುಟ್ಟನ್ನೇ ತೆಗೆದುಕೊಳ್ಳಿರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಫಿರಂಗಿಯ ಗುಂಡುಗಳು ಸಾಗುವ ದಾರಿಯನ್ನು ಲೆಕ್ಕ ಹಾಕಲು ಗಣಿತ ಬಲ್ಲ ಅನೇಕ ತರುಣಿಯರನ್ನು ನೇಮಿಸಿಕೊಂಡಿದ್ದರು. ಅವರ ಹುದ್ದೆಯ ಹೆಸರೇ 'ಕಂಪ್ಯೂಟರ್'. ಎಂದರೆ ಲೆಕ್ಕ ಮಾಡುವಾಕೆ. ಯಂತ್ರಕ್ಕೆ ಆ ಹೆಸರು ಬಂದುದು ಆಮೇಲೆ. ಒಂದು ಗುಂಡಿನ ದಾರಿಯನ್ನು ಕೈಯಿಂದ ಲೆಕ್ಕ ಮಾಡಲು ಮೂವತ್ತು ನಲವತ್ತು ಗಂಟೆಗಳು ಹಿಡಿಯುತ್ತಿದ್ದುದರಿಂದ ಆ ಕೆಲಸಕ್ಕಾಗಿ ಎನಿಯಾಕ್ ಎಂಬ ಮಹಾಯಂತ್ರವನ್ನು ಅಲ್ಲಿ ಕಟ್ಟಲಾಯಿತು. ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವುಗಳು ಅದರಲ್ಲಿ ಸುಮಾರು 18,000. ತೂಕ 30 ಟನ್ನು. ಯಂತ್ರವನ್ನು ಕಟ್ಟಿದವರು ಪುರುಷ ಎಂಜಿನಿಯರರು. ಆದರೆ ಅದಕ್ಕೆ ಲೆಕ್ಕ ಕಲಿಸುವ ಕೆಲಸವನ್ನು ಆರು ಮಂದಿ ತರುಣಿಯರಿಗೆ ವಹಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಕಲಿಯಲು ಪುಸ್ತಕವಿರಲಿಲ್ಲ. ಯಂತ್ರವಿದ್ದ ಕೋಣೆಯೊಳಕ್ಕೆ ಹೋಗಲು ಆರಂಭದಲ್ಲಿ ಅವರಿಗೆ ಅನುಮತಿಯೂ ಇರಲಿಲ್ಲ. ನಕ್ಷೆಗಳನ್ನು ಹರಡಿಕೊಂಡು, ಯಾವ ತಂತಿಯನ್ನು ಎಲ್ಲಿಗೆ ಜೋಡಿಸಿದರೆ ಯಾವ ಲೆಕ್ಕವಾಗುವುದೆಂಬುದನ್ನು ಅವರು ತಾವೇ ಕಂಡುಹಿಡಿದುಕೊಂಡರು. ಇಂದು ಪ್ರೋಗ್ರಾಮಿಂಗ್ ಎಂದು ನಮ್ಮ ಮಕ್ಕಳು ಲಕ್ಷಾಂತರ ರೂಪಾಯಿ ಕೊಟ್ಟು ಕಲಿಯುವ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಇವರೂ ಸೇರಿರುವರು.

1946ರ ಫೆಬ್ರುವರಿಯಲ್ಲಿ ಎನಿಯಾಕನ್ನು ಲೋಕಕ್ಕೆ ತೋರಿಸಲಾಯಿತು. ಗುಂಡು ಗುರಿ ಮುಟ್ಟುವುದಕ್ಕೆ ಮೊದಲೇ ಯಂತ್ರವು ಅದರ ದಾರಿಯನ್ನು ಲೆಕ್ಕ ಮಾಡಿಬಿಟ್ಟಿತು, ನೆರೆದವರು ಬೆರಗಾದರು. ಆ ಲೆಕ್ಕವನ್ನು ಸಿದ್ಧಪಡಿಸಿದ್ದವರು ಸ್ನೈಡರ್ ಮತ್ತು ಜೆನ್ನಿಂಗ್ಸ್. ಅಂದು ರಾತ್ರಿ ಸಂಭ್ರಮದ ಭೋಜನಕೂಟಕ್ಕೆ ಆರು ಮಂದಿಯಲ್ಲಿ ಒಬ್ಬರಿಗೂ ಕರೆ ಬರಲಿಲ್ಲ. ಸುಮಾರು ನಲವತ್ತು ವರುಷಗಳ ಬಳಿಕ ಕ್ಯಾಥಿ ಕ್ಲೀಮನ್ ಎಂಬ ವಿದ್ಯಾರ್ಥಿನಿಯು ಹಳೆಯ ಛಾಯಾಚಿತ್ರಗಳಲ್ಲಿ ಯಂತ್ರದ ಮುಂದೆ ನಿಂತ ಈ ಸ್ತ್ರೀಯರನ್ನು ಕಂಡು, "ಇವರು ಯಾರು?" ಎಂದು ವಿಚಾರಿಸಿದಾಗ, ಚಿತ್ರವು ಚೆಂದ ಕಾಣಲೆಂದು ನಿಲ್ಲಿಸಿದ ಹುಡುಗಿಯರೆಂಬ ಅರ್ಥದ ಉತ್ತರ ಬಂದಿತಂತೆ! ಆಕೆ ಅಷ್ಟಕ್ಕೆ ಬಿಡಲಿಲ್ಲವಾದ್ದರಿಂದ ಆ ಆರು ಹೆಸರುಗಳು ನಮಗೆ ಉಳಿದುವು. ಅವರಿಗೆ ಸಾರ್ವಜನಿಕ ಗೌರವ ಸಂದುದು 1997ರಲ್ಲಿ.

ಇದನ್ನು ಓದಿದಾಗ ನನಗೆ ಕಲ್ಯಾಣದ ನೆನಪಾಯಿತು. ಶರಣರ ಹೆಸರುಗಳನ್ನು ನಾವು ದಿನವೂ ಹೇಳುವೆವು. ಆದರೆ ಅವುಗಳ ವಿಶೇಷವನ್ನು ಗಮನಿಸುವುದು ಅಪರೂಪ. ಕದಿರ ರೆಮ್ಮವ್ವೆ ನೂಲುತ್ತಿದ್ದಳು, ಆಯ್ದಕ್ಕಿ ಲಕ್ಕಮ್ಮನ ಮನೆಯ ಕಾಯಕವು ಅಕ್ಕಿ ಆಯುವುದು, ಸತ್ಯಕ್ಕನು ಅಂಗಳ ಗುಡಿಸುತ್ತಿದ್ದಳು. ಎಂಟು ನೂರು ವರುಷಗಳಾಚೆಯ ಈ ಹೆಂಗಸರ ಕೈಗಳು ಏನು ಮಾಡುತ್ತಿದ್ದುವೆಂಬುದು ಇಂದಿಗೂ ನಮಗೆ ಗೊತ್ತಿದೆ. ಏಕೆಂದರೆ ಅವರ ಕಾಯಕವನ್ನು ಅವರ ಮಾತಿನಿಂದ ಬೇರ್ಪಡಿಸಿ ಇಡಲಿಲ್ಲ. ನೂಲುವಾಕೆಯ ಅನುಭಾವವನ್ನು ಅನುಭಾವವೆಂದೇ ಬರೆದಿಟ್ಟರು. ಇಪ್ಪತ್ತನೆಯ ಶತಮಾನದ ಒಂದು ಪ್ರಖ್ಯಾತ ವಿಶ್ವವಿದ್ಯಾನಿಲಯದಲ್ಲಿ ದುಡಿದ ಆರು ಗಣಿತಜ್ಞೆಯರ ಹೆಸರು ಮಾತ್ರ ನಲವತ್ತು ವರುಷಗಳಲ್ಲಿ ಅಳಿದುಹೋಗುವುದರಲ್ಲಿತ್ತು. ಬರೆಯುವ ಸಾಧನಗಳು ಅಲ್ಲಿ ಕಡಿಮೆಯಿದ್ದುವೆ? ಇಲ್ಲ. ಯಂತ್ರ ಕಟ್ಟುವುದು ಬುದ್ಧಿಯ ಕೆಲಸ, ಅದನ್ನು ನಡೆಸುವುದು ಗುಮಾಸ್ತೆಯ ಕೆಲಸ ಎಂಬ ಮೇಲು ಕೀಳಿನ ವಿಭಾಗವು ಮೊದಲೇ ಮನಸ್ಸಿನಲ್ಲಿತ್ತು. ಹೆಂಗಸರು ಮಾಡಿದ್ದು ಎರಡನೆಯ ಪಾಲಿಗೆ ಬಿತ್ತು. ಅದೇ ಕೆಲಸಕ್ಕೆ ಮುಂದೆ ಹಣವೂ ಕೀರ್ತಿಯೂ ಬಂದಾಗ ಅದು ಗಂಡಸರ ವಿದ್ಯೆಯೆನಿಸಿತು. ನಮ್ಮ ದೇಶದ ಐ.ಐ.ಟಿ.ಗಳಲ್ಲಿ 2016ರ ಸುಮಾರಿಗೆ ಹೊಸದಾಗಿ ಸೇರುತ್ತಿದ್ದವರಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಎಂಟರಷ್ಟು ಮಾತ್ರ ಇದ್ದರು; 2018ರಿಂದ ಅವರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ನಿರ್ಮಿಸಿ ಆ ಪ್ರಮಾಣವನ್ನು ನೂರಕ್ಕೆ ಇಪ್ಪತ್ತಕ್ಕೆ ಏರಿಸಬೇಕಾಯಿತು.

ಇಷ್ಟಾದರೂ, ಒಳಗೆ ಬಂದು ದೊಡ್ಡ ಹುದ್ದೆಯನ್ನೇ ಪಡೆದ ಸ್ತ್ರೀಗೆ ಇನ್ನೇನು ಕೊರತೆ ಎಂದು ಕೇಳುವವರಿರುವರು. ಅವರಿಗೆ ನ್ಯಾನ್ಸಿ ಹಾಪ್‌ಕಿನ್ಸ್ ಎಂಬ ಪ್ರಾಧ್ಯಾಪಕಿಯ ವೃತ್ತಾಂತವನ್ನು ಹೇಳಬೇಕು. ಅಮೆರಿಕೆಯ ಎಂ.ಐ.ಟಿ.ಯೆಂಬ ಜಗತ್ಪ್ರಸಿದ್ಧ ತಾಂತ್ರಿಕ ವಿದ್ಯಾಪೀಠದಲ್ಲಿ ಜೀವಶಾಸ್ತ್ರವನ್ನು ಕಲಿಸುತ್ತಿದ್ದ ಆಕೆಗೆ ಮೀನುಗಳ ಮೇಲಿನ ಪ್ರಯೋಗಕ್ಕೆ ಇನ್ನಷ್ಟು ಸ್ಥಳ ಬೇಕಾಗಿತ್ತು. ಕೇಳಿದರೆ ಸಿಗಲಿಲ್ಲ. ತನಗೆ ಇತರರಿಗಿಂತ ಕಡಿಮೆ ಸ್ಥಳವಿದೆಯೆಂದರೆ ಯಾರೂ ನಂಬಲಿಲ್ಲ. ಆಗ ಆಕೆ ಅಳತೆಯ ಟೇಪನ್ನು ಹಿಡಿದು, ಕೆಲಸದ ಹೊತ್ತು ಮುಗಿದ ಮೇಲೆ, ಕಟ್ಟಡದ ಪ್ರಯೋಗಶಾಲೆಗಳನ್ನೆಲ್ಲ ತಾವೇ ಅಳೆದರು. ಪುರುಷ ಪ್ರಾಧ್ಯಾಪಕರಿಗೆ ತನಗಿಂತ ಬಹಳ ಹೆಚ್ಚು ಸ್ಥಳವಿರುವುದು ಅಡಿಗಳ ಲೆಕ್ಕದಲ್ಲಿ ಸಿದ್ಧವಾಯಿತು. 1994ರಲ್ಲಿ ಇತರ ಪ್ರಾಧ್ಯಾಪಕಿಯರೊಂದಿಗೆ ಮಾತನಾಡಿದಾಗ ಎಲ್ಲರ ಕಥೆಯೂ ಒಂದೇ. ಆ ವಿಜ್ಞಾನ ವಿಭಾಗಗಳಲ್ಲಿ ಆಗ ಖಾಯಂ ಪ್ರಾಧ್ಯಾಪಕರು ಪುರುಷರು 194, ಸ್ತ್ರೀಯರು 15. ಸಮಿತಿ ಕುಳಿತು ವಿಚಾರಿಸಿ, 1999ರಲ್ಲಿ ವರದಿಯು ಪ್ರಕಟವಾಯಿತು. ತಾರತಮ್ಯವು ನಿಜವೆಂದು ಆ ವಿದ್ಯಾಪೀಠದ ಅಧ್ಯಕ್ಷರೇ ಒಪ್ಪಿಕೊಂಡರು.

ಈ ಸಂಗತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಅನ್ಯಾಯದ ಪ್ರಮಾಣವಲ್ಲ. ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡ ಮಹಾ ವಿಜ್ಞಾನಿಗಳು ತುಂಬಿದ ಆ ಕಟ್ಟಡದಲ್ಲಿ ಅದನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲವೆಂಬುದು. ಅವರಲ್ಲಿ ದುಷ್ಟರು ಇದ್ದಿರಲಾರರು, ಬಹುಮಂದಿ ಸಜ್ಜನರೇ. ತನಗೆ ದೊರೆತ ಸ್ಥಳವು ಸಹಜವಾಗಿಯೇ ದೊರೆತುದೆಂದು ಬಗೆಯುವವನಿಗೆ ಟೇಪು ಹಿಡಿಯುವ ಪ್ರಸಂಗವೇ ಬರುವುದಿಲ್ಲ.

ಇಲ್ಲಿ ತತ್ತ್ವದ ಒಂದು ಆಕ್ಷೇಪಣೆಯು ಏಳುವುದು. ಅದನ್ನು ತಳ್ಳಿಹಾಕುವುದು ಸರಿಯಲ್ಲ. "ಸತ್ಯಕ್ಕೆ ಲಿಂಗಭೇದವುಂಟೆ? ಎರಡೂ ಎರಡೂ ಸೇರಿ ನಾಲ್ಕಾಗುವುದು ಗಂಡಸಿಗೊಂದು ಹೆಂಗಸಿಗೊಂದು ಆದೀತೆ? ವಿಜ್ಞಾನದಲ್ಲಿ ಸ್ತ್ರೀದೃಷ್ಟಿ ಪುರುಷದೃಷ್ಟಿಗಳನ್ನು ತಂದರೆ ಸತ್ಯವೇ ಒಡೆದು ಹೋಗುವುದಿಲ್ಲವೆ?" ಎಂದು ವಿವೇಕಿಗಳೇ ಕೇಳುವರು. ಸಾಂಡ್ರಾ ಹಾರ್ಡಿಂಗ್, ಡೊನ್ನಾ ಹಾರಾವೇ ಎಂಬ ಚಿಂತಕಿಯರು 1980ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ವಿಚಾರವನ್ನು ನನಗೆ ತಿಳಿದಂತೆ ಸರಳವಾಗಿ ಹೇಳುವುದಾದರೆ ಹೀಗೆ: ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ನೋಡುವ ಕಣ್ಣು ಮನುಷ್ಯನಿಗಿಲ್ಲ. ಪ್ರತಿಯೊಬ್ಬನೂ ಎಲ್ಲಿಯೋ ನಿಂತು ನೋಡುವನು. ನಿಂತ ಸ್ಥಳವನ್ನು ಒಪ್ಪಿಕೊಂಡವನು ತನ್ನ ನೋಟದ ಮೇರೆಯನ್ನು ತಿಳಿದಾನು. ಒಪ್ಪದವನು ತನ್ನ ಕಿಟಕಿಯಿಂದ ಕಂಡುದನ್ನೇ ಬ್ರಹ್ಮಾಂಡವೆನ್ನುವನು. ಹೀಗೆಂದರೆ ಸತ್ಯವು ಹಲವು ಎಂದಾಗುವುದಿಲ್ಲ. ಅದನ್ನು ಕಾಣಲು ಹಲವು ಕಿಟಕಿಗಳನ್ನು ತೆರೆಯಬೇಕೆಂದಾಗುವುದು.

ಇದು ಬರಿಯ ವಾಗ್ವಾದವಲ್ಲವೆಂಬುದನ್ನು ಒಂದು ನಿದ್ರೆಯ ಮಾತ್ರೆಯು ತೋರಿಸಿಕೊಟ್ಟಿತು. ಜೋಲ್‌ಪಿಡೆಮ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ 1992ರಲ್ಲಿ ಅನುಮತಿ ದೊರೆಯಿತು. ಸಾಮಾನ್ಯ ಮಾತ್ರೆಯಲ್ಲಿ ಗಂಡಸಿಗೂ ಹೆಂಗಸಿಗೂ ಪ್ರಮಾಣ ಒಂದೇ: 10 ಮಿಲಿಗ್ರಾಮು. ಹೆಂಗಸಿನ ಶರೀರದಿಂದ ಆ ಔಷಧವು ನಿಧಾನವಾಗಿ ಹೊರಹೋಗುವುದೆಂಬ ಕಾರಣದಿಂದ, ಬೆಳಗ್ಗೆ ಎದ್ದು ವಾಹನ ನಡೆಸುವಾಗಲೂ ಅದರ ಮಬ್ಬು ಉಳಿದಿರಬಹುದೆಂದು, 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣಾಧಿಕಾರಿಗಳು ಸ್ತ್ರೀಯರ ಪ್ರಮಾಣವನ್ನು 5 ಮಿಲಿಗ್ರಾಮಿಗೆ, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿಸಿದರು. ನಡುವೆ ಇಪ್ಪತ್ತೊಂದು ವರುಷಗಳು! ಲೆಕ್ಕದಲ್ಲಿ ತಪ್ಪಿರಲಿಲ್ಲ, ಎರಡೂ ಎರಡೂ ನಾಲ್ಕೇ ಆಗಿತ್ತು. ಯಾರ ಶರೀರವನ್ನು ಮನುಷ್ಯನ ಶರೀರವೆಂದು ಹಿಡಿದು ಲೆಕ್ಕವನ್ನು ಆರಂಭಿಸಿದರು ಎಂಬಲ್ಲಿ ತಪ್ಪಿತ್ತು. ಸರಕಾರದ ಹಣದಿಂದ ನಡೆಯುವ ವೈದ್ಯಕೀಯ ಪ್ರಯೋಗಗಳಲ್ಲಿ ಸ್ತ್ರೀಯರನ್ನು ಸೇರಿಸಲೇಬೇಕೆಂಬ ಕಾನೂನು ಆ ದೇಶದಲ್ಲಿ ಬಂದುದು 1993ರಲ್ಲಿ ಎಂಬುದನ್ನು ಇದರೊಂದಿಗೆ ನೆನೆಯಬೇಕು.

ಮಾತ್ರೆಯ ತಪ್ಪು ಮಾತ್ರೆಯಲ್ಲಿಯೇ ನಿಂತಿತು. ಆದರೆ ಇಂದಿನ ಕಲಿಯುವ ಯಂತ್ರಗಳ ತಪ್ಪು ಹಾಗೆ ನಿಲ್ಲುವಂಥದಲ್ಲ. ಕೃತಕ ಬುದ್ಧಿಯೆಂದು ಕರೆಯುವ ಈ ಯಂತ್ರಗಳು ಹಿಂದೆ ನಡೆದುದನ್ನೆಲ್ಲ ರಾಶಿ ಹಾಕಿಕೊಂಡು, ಅದರಲ್ಲಿನ ಮಾದರಿಯನ್ನು ಹೆಕ್ಕಿ, ಮುಂದೇನಾಗತಕ್ಕುದೆಂಬುದನ್ನು ಹೇಳುವುವು. ಅಂದಮೇಲೆ ಹಿಂದಿನ ಅನ್ಯಾಯವು ಅವುಗಳಿಗೆ ಪಾಠವಾಗಿಯೇ ಒದಗುವುದು. ಎಂ.ಐ.ಟಿ.ಯ ವಿದ್ಯಾರ್ಥಿನಿ ಜಾಯ್ ಬೂಲಮ್ವೀನಿಯೆಂಬ ಕಪ್ಪು ಬಣ್ಣದ ತರುಣಿಯ ಮುಖವನ್ನು ಮುಖ ಗುರುತಿಸುವ ಯಂತ್ರವು ಗುರುತಿಸಲಿಲ್ಲ. ಬಿಳಿಯ ಮುಖವಾಡವೊಂದನ್ನು ತೊಟ್ಟಾಗ ಗುರುತಿಸಿತು! ಆಕೆ ಟಿಮ್ನಿಟ್ ಗೆಬ್ರು ಎಂಬಾಕೆಯೊಡನೆ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮುಖವು ಗಂಡಿನದೋ ಹೆಣ್ಣಿನದೋ ಎಂದು ಹೇಳುವುದರಲ್ಲಿ ಆ ಯಂತ್ರಗಳು ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪಿದುದು ಹೆಚ್ಚೆಂದರೆ ನೂರಕ್ಕೆ 0.8, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ನೂರಕ್ಕೆ 34.7ರ ವರೆಗೆ. ಕಲಿಯಲು ಕೊಟ್ಟ ಚಿತ್ರಗಳಲ್ಲಿ ಯಾರ ಮುಖಗಳು ಹೆಚ್ಚಾಗಿದ್ದುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಶ್ವವಿದ್ಯಾನಿಲಯದ ಬಾಗಿಲಲ್ಲಿಯೇ ಇಂಥ ಲೆಕ್ಕವನ್ನು ಕಾವಲಿಗೆ ನಿಲ್ಲಿಸಿದ ಪ್ರಸಂಗವೂ ಒಂದುಂಟು. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಇಂಗ್ಲೆಂಡಿನಲ್ಲಿ ಶಾಲಾಂತ್ಯದ ಪರೀಕ್ಷೆಗಳು ನಡೆಯಲಿಲ್ಲ. ವಿಶ್ವವಿದ್ಯಾನಿಲಯಗಳಿಗೆ ಪ್ರವೇಶ ಕೊಡುವುದು ಆ ಪರೀಕ್ಷೆಯ ಶ್ರೇಣಿಯ ಮೇಲೆ. ಆದುದರಿಂದ ಶಿಕ್ಷಕರು ಅಂದಾಜಿಸಿ ಕೊಟ್ಟ ಶ್ರೇಣಿಗಳನ್ನು ಒಂದು ಸೂತ್ರದ ಮೂಲಕ ತಿದ್ದಿದರು. ವಿದ್ಯಾರ್ಥಿಯು ಓದಿದ ಶಾಲೆಯಲ್ಲಿ ಹಿಂದಿನ ವರುಷಗಳಲ್ಲಿ ಮಕ್ಕಳು ಎಂಥ ಶ್ರೇಣಿ ಪಡೆದಿದ್ದರೆಂಬುದು ಆ ಸೂತ್ರದ ಮುಖ್ಯ ಆಧಾರ. ಆಗಸ್ಟಿನಲ್ಲಿ ಫಲಿತಾಂಶ ಬಂದಾಗ ನೂರಕ್ಕೆ 39ರಷ್ಟು ಶ್ರೇಣಿಗಳು ಶಿಕ್ಷಕರ ಅಂದಾಜಿಗಿಂತ ಕೆಳಗಿಳಿದಿದ್ದುವು. ಬಡ ಊರಿನ ಹಿಂದುಳಿದ ಶಾಲೆಯಲ್ಲಿ ಹುಟ್ಟಿ ಬೆಳೆದ ಬುದ್ಧಿವಂತನಿಗೆ ಆ ಶಾಲೆಯ ಹಿಂದಿನವರ ಹಣೆಬರಹವನ್ನೇ ಅಂಟಿಸಲಾಗಿತ್ತು. ಮಕ್ಕಳು ಬೀದಿಗಿಳಿದರು; ಕೆಲವೇ ದಿನಗಳಲ್ಲಿ ಸರಕಾರವು ಆ ಸೂತ್ರವನ್ನು ಹಿಂತೆಗೆದುಕೊಂಡಿತು.

ಶರಣಧರ್ಮದಲ್ಲಿ ಬೆಳೆದವರಿಗೆ ಈ ಸೂತ್ರದ ಮುಖವು ಗುರುತು ಸಿಕ್ಕಲೇಬೇಕು. ನೀನು ಯಾರೆಂಬುದನ್ನು ಕೇಳದೆ ನೀನು ಯಾರ ಮನೆಯವನು, ಯಾವ ಕೇರಿಯವನು ಎಂದು ಕೇಳಿ ತೀರ್ಪು ಕೊಡುವುದೇ ಕುಲದ ಲೆಕ್ಕ. ಅಂಕಿಸಂಖ್ಯೆಗಳ ಉಡುಪನ್ನು ತೊಟ್ಟು ಬಂದರೆ ಅದು ಬೇರೆಯದಾಗದು. ಅಕ್ಕಮಹಾದೇವಿಯು ಅನುಭವಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಸುಮ್ಮನೆ ಒಳಗೆ ಬಿಟ್ಟವರಲ್ಲ. ಕಠೋರವಾಗಿಯೇ ಪರೀಕ್ಷಿಸಿದರೆಂದು ಶೂನ್ಯಸಂಪಾದನೆಗಳು ಹೇಳುವುವು. ಪರೀಕ್ಷೆಯಿರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಅಲ್ಲಿ ಪರೀಕ್ಷಿಸಿದವರು ಎದುರಿಗೆ ಕುಳಿತಿದ್ದರು. ಅಕ್ಕನು ಮಾತಿಗೆ ಮಾತು ಕೊಟ್ಟಳು. ಆ ಮಾತು ಪರೀಕ್ಷಕರನ್ನೂ ಒಲಿಸಿತು. ಸೂತ್ರದ ಮುಂದೆ ನಿಂತ ವಿದ್ಯಾರ್ಥಿಗೆ ಅಂಥ ಮಾತಿಗೆ ಎಡೆಯೆಲ್ಲಿ? ಆ ಅಕ್ಕನ ಹೆಸರನ್ನೇ 2003ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾದ ನಮ್ಮ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯಕ್ಕೆ 2017ರಲ್ಲಿ ಇಡಲಾಗಿದೆ. ಹೆಸರಿಡುವುದು ಒಳ್ಳೆಯದೇ, ಅಷ್ಟಕ್ಕೆ ತೃಪ್ತಿ ಹೊಂದುವ ಅಭ್ಯಾಸವೂ ನಮ್ಮಲ್ಲಿ ಬಹಳ.

ಯಂತ್ರವನ್ನು ದೂರುವುದು ಸುಲಭ. ಯಂತ್ರಕ್ಕೆ ಪಾಠ ಹೇಳುವವರನ್ನು ತಯಾರು ಮಾಡುವುದು ವಿಶ್ವವಿದ್ಯಾನಿಲಯ. ವಿಶ್ವವಿದ್ಯಾನಿಲಯದಿಂದ ಏನನ್ನು ಬೇಡಬೇಕೆಂದು ನಿರ್ಧರಿಸುವವರು ನಾವು ಗೃಹಸ್ಥರು. ನಾವು ಬೇಡುತ್ತಿರುವುದಾದರೂ ಏನು? ಕಂಪ್ಯೂಟರ್ ಶಾಖೆಯ ಸೀಟಿಗೆ ನೂಕುನುಗ್ಗಲು. ಇತಿಹಾಸ, ತತ್ತ್ವಶಾಸ್ತ್ರ, ಕನ್ನಡಗಳ ತರಗತಿಗಳಲ್ಲಿ ಖಾಲಿ ಬಾಕುಗಳು. "ಅದನ್ನು ಓದಿದರೆ ಅನ್ನ ಹುಟ್ಟೀತೇ?" ಎಂಬ ಒಂದೇ ಪ್ರಶ್ನೆಯಿಂದ ವಿದ್ಯೆಗಳನ್ನೆಲ್ಲ ತೂಗಿಬಿಡುವೆವು. ಇದು ಸರಿಯೇ ಎಂದು ಕೇಳಲು ಕಲಿಸುವ ಶಾಸ್ತ್ರಗಳನ್ನು ಹೊರಗಿಟ್ಟು, ಹೇಗೆ ಮಾಡುವುದೆಂಬುದನ್ನಷ್ಟೆ ಕಲಿತು ಬಂದವನು ಶಾಲೆಯ ಹಳೆಯ ಫಲಿತಾಂಶಗಳಿಂದ ಮಗುವಿನ ಭವಿಷ್ಯವನ್ನು ಲೆಕ್ಕ ಹಾಕೆಂದರೆ ಹಾಕಿಬಿಡುವನು. ಮಗಳ ಪದವಿಯಾದರೋ ಅನೇಕ ಮನೆಗಳಲ್ಲಿ ಕನ್ಯಾಪರೀಕ್ಷೆಯ ದಿನ ತೋರಿಸುವ ಒಡವೆಗಳಲ್ಲಿ ಇನ್ನೊಂದು. ಮದುವೆಯ ಮರುದಿನದಿಂದ ಅದು ಪೆಟ್ಟಿಗೆಯಲ್ಲಿ.

ಕೇಂದ್ರ ಸರಕಾರವು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ಕಳೆಯುವರೆಂದು ಕಂಡುಬಂದಿತು. ಐದು ಗಂಟೆಗಳು! ಸಂಶೋಧನೆ ಮಾಡುವ ಸೊಸೆಗೂ ಸೇರಿ ಈ ಲೆಕ್ಕ. 2020ರಲ್ಲಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಒಂದೇ ಮೊಬೈಲಿದ್ದ ಮನೆಯಲ್ಲಿ ಅದು ಮೊದಲು ಯಾರ ಕೈಗೆ ಹೋಯಿತೆಂಬುದನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿ ನೆನಪಿಸಿಕೊಳ್ಳಬಹುದು. ನಾನು ಕಂಡ ಮನೆಗಳಲ್ಲಿ ಹುಡುಗನ ಕೈಗೆ. ಹುಡುಗಿಯು ಅಡುಗೆಮನೆಯಿಂದ ಕಿವಿಗೊಟ್ಟು ಎಷ್ಟು ಕೇಳಿಸಿತೋ ಅಷ್ಟು.

ಇನ್ನು ಆ ಹುಡುಗಿಯ ಮಾತು. ನಾನು ಕೆಲವು ವರುಷ ಒಂದು ಶಿಕ್ಷಣ ಸಂಸ್ಥೆಯ ಆಡಳಿತ ಮಂಡಲಿಯಲ್ಲಿ ಸದಸ್ಯನಾಗಿದ್ದೆನು. ಹೆಣ್ಣುಮಕ್ಕಳ ವಸತಿಗೃಹದ ಬಾಗಿಲನ್ನು ಸಂಜೆ ಏಳು ಗಂಟೆಗೆ ಮುಚ್ಚತಕ್ಕುದೆಂಬ ಸೂಚನೆಯು ಒಂದು ಸಭೆಯಲ್ಲಿ ಬಂದಿತು. ಗಂಡುಹುಡುಗರ ವಸತಿಗೃಹಕ್ಕೆ ಅಂಥ ನಿಯಮವಿರಲಿಲ್ಲ, ಕೇಳಿದವರೂ ಇಲ್ಲ. ಪೋಷಕರ ಕಾಳಜಿ, ಕಾಲ ಕೆಟ್ಟಿದೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ನಾಲ್ಕು ಮಾತುಗಳಾದುವು. ಎರಡು ನಿಮಿಷಗಳಲ್ಲಿ ಗೊತ್ತುವಳಿಯು ಸರ್ವಾನುಮತದಿಂದ ಸ್ವೀಕೃತವಾಯಿತು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ವಿದ್ಯಾರ್ಥಿನಿಯರ ರಕ್ಷಣೆಯ ನೆಪದಲ್ಲಿ ವಸತಿಗೃಹಗಳಲ್ಲಿ ಅವರಿಗೆ ಮಾತ್ರ ಬೇರೆ ಕಟ್ಟಳೆಗಳನ್ನು ಹಾಕಬಾರದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಸಮಿತಿಯೊಂದು 2013ರ ತನ್ನ ವರದಿಯಲ್ಲಿ ಹೇಳಿದ್ದುದಾಗಲಿ, 2015ರಲ್ಲಿ ದಿಲ್ಲಿಯ ವಿದ್ಯಾರ್ಥಿನಿಯರು ಪಂಜರ ಮುರಿಯುವ ಹೆಸರಿನಿಂದ ಇಂಥ ನಿಯಮಗಳ ವಿರುದ್ಧ ಚಳವಳಿ ಹೂಡಿದುದಾಗಲಿ ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಕೈಯೆತ್ತುತ್ತಿದ್ದೆನೆಂದೇ ತೋರುವುದು.

ಮುಂದಿನ ವರುಷ ಪರಿಚಿತರ ಮಗಳೊಬ್ಬಳು, ಆ ಕಾಲೇಜಿನ ಕಂಪ್ಯೂಟರ್ ವಿಭಾಗದ ಕೊನೆಯ ವರುಷದಾಕೆ, ರಜೆಗೆ ಬಂದವಳು ಮನೆಗೆ ಬಂದಿದ್ದಳು. ಓದು ಹೇಗೆ ಸಾಗಿದೆಯೆಂದು ಕೇಳಿದೆನು. ಅವಳು ಸಿಟ್ಟಿಲ್ಲದೆ ಹೇಳಿದಳು: "ಕಾಕಾ, ಹುಡುಗರು ರಾತ್ರಿ ಹನ್ನೊಂದರ ತನಕ ಲ್ಯಾಬಿನ್ಯಾಗ ಕೂಡತಾರ. ದೊಡ್ಡ ಮಶೀನ್ ಇರೋದು ಅಲ್ಲೇ. ನಮಗ ಏಳಕ್ಕ ಬಾಗಿಲಾ ಹಾಕತಾರ. ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡೂ ಮುಂದ ಇಬ್ಬರನ್ನೂ ಒಂದ ತಕ್ಕಡ್ಯಾಗ ತೂಗತಾರ. ಆಮ್ಯಾಲ ಹುಡುಗ್ಯಾರಿಗೆ ಈ ವಿದ್ಯಾ ಒಗ್ಗಂಗಿಲ್ಲ ಅಂತಾರ. ಈ ರೂಲ್ ಯಾರು ಮಾಡ್ಯಾರ, ನಿಮಗ ಗೊತ್ತದ ಏನ್ರಿ?"

ಚಹ ಆರುತ್ತಿತ್ತು. 1933ರ ಕಮಲಾರವರಿಗೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕೆಂದು ಅಪ್ಪಣೆಯಾಗಿತ್ತು. ಇವಳಿಗೆ ಮಾಡಕೂಡದೆಂದು ನಾವು ಅಪ್ಪಣೆ ಕೊಟ್ಟಿದ್ದೆವು. ಎರಡು ಅಪ್ಪಣೆಗಳೂ ಅವರವರನ್ನು ಕೇಳಿ ಹೊರಟವುಗಳಲ್ಲ. ನಾನು ಅವಳಿಗೆ, "ಗೊತ್ತಿದೆ ತಾಯಿ, ನಾನೇ ಮಾಡಿದ್ದು" ಎಂದು ಅಂದು ಹೇಳಲಿಲ್ಲ. ವಿಚಾರಿಸುವೆನೆಂದೆನು. ಮಂಡಲಿಯ ಮುಂದಿನ ಸಭೆಯಲ್ಲಿ ವಿಷಯವನ್ನು ಎತ್ತಿದಾಗ ಹಿರಿಯರೊಬ್ಬರು, "ನಿಮ್ಮ ಮನೆಯ ಹುಡುಗಿಯಾಗಿದ್ದರೆ ಹೀಗೆ ಹೇಳುತ್ತಿದ್ದಿರಾ?" ಎಂದು ಕೇಳಿದರು. ಅದು ನಾನೇ ಹಿಂದಿನ ಸಭೆಯಲ್ಲಿ ಇನ್ನೊಬ್ಬರಿಗೆ ಕೇಳಿದ್ದ ಪ್ರಶ್ನೆ. ಬಾಗಿಲಿನ ಹೊತ್ತು ಎಂಟೂವರೆಗೆ ಸರಿಯಿತು. ಲ್ಯಾಬಿನಿಂದ ವಸತಿಗೃಹದ ವರೆಗೆ ದೀಪ ಹಾಕಿಸುವ ಸೂಚನೆಯು ಖರ್ಚಿನ ಕಾರಣದಿಂದ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಆ ಹುಡುಗಿಯ ಪರೀಕ್ಷೆಗಳು ಮುಗಿದಿದ್ದುವು.